ಮಾವಶಿ ನೋಡಿದ ಅರ್ಧ ಸಿನಿಮಾ

ಸೋಲಾಪುರದ ಚಾದರ ವ್ಯಾಪಾರಸ್ಥರು ಫಿಲ್ಮ್ ಸೊಸೈಟಿಗೆ ಸದಸ್ಯರಾದದ್ದು ಕಲೆಯ ಮೇಲಿನ ಪ್ರೀತಿಯಿಂದ ಎಂದು ಯಾರಾದರೂ ಹೇಳಿದರೆ ನನಗೆ ಈಗಲೂ ನಗು ತಡೆಯುವುದಿಲ್ಲ. ಚಿತ್ರೋತ್ಸವಗಳಿಂದ ಬರುವ ಹೊರದೇಶದ ಸಿನಿಮಾಗಳಿಗೆ ಸೆನ್ಸಾರಿನ ಕತ್ತರಿ ತಾಕಿರುವುದಿಲ್ಲ ಎಂಬ ಸುದ್ದಿ ಪೇಟೆಯಲ್ಲಿ ಹಬ್ಬಿತ್ತು, ಅಷ್ಟೇ. ತೊಂಬತ್ತರ ದಶಕದ ನಡುವಿನ ವರ್ಷಗಳು ಅವು. ರವಿವಾರ ಬೆಳಿಗ್ಗೆ ಒಂದು ಹಳೆಯ ಟಾಕೀಸನ್ನು ಬಾಡಿಗೆಗೆ ಹಿಡಿಯುತ್ತಿದ್ದೆವು. ವಕೀಲರು, ಡಾಕ್ಟರರು, ಚಾದರದವರು, ಕಿರಾಣಿಯವರು ಇಸ್ತ್ರಿ ಅಂಗಿ ತೊಟ್ಟು, ಅತ್ತರು ಹಚ್ಚಿಕೊಂಡು ಬಂದು ಕೂಡುತ್ತಿದ್ದರು. ತೆರೆಯ ಮೇಲೆ ಒಬ್ಬ ಮುದುಕ ಮಂಜಿನಲ್ಲಿ ಬಹಳ ಹೊತ್ತು ನಡೆಯುತ್ತಿದ್ದರೆ, ಪಾಪ, ತಾಳ್ಮೆಯಿಂದ ಕಾಯುತ್ತಿದ್ದರು. ಮುಂದೆ ಏನಾದರೂ ಬಂದೀತು ಎಂಬ ಆಸೆ.

ಸೊಸೈಟಿಯಲ್ಲಿ ಹೆಂಗಸೆಂದರೆ ನಾನೊಬ್ಬಳೇ. ಸರ್ಕಾರಿ ಕಚೇರಿಯೊಂದರಲ್ಲಿ ಕಾರಕೂನಳಾಗಿದ್ದೆ, ಇಂಗ್ಲಿಷ್ ಓದಿಕೊಂಡಿದ್ದೆ. ತೆರೆಯ ಪಕ್ಕದಲ್ಲಿ ಮೈಕು ಹಿಡಿದು ಕುಳಿತು, ಕೆಳಗೆ ಮೂಡುವ ಇಂಗ್ಲಿಷ್ ಅಕ್ಷರಗಳನ್ನು ಓದಿ ಮೊದಲು ಮರಾಠಿಯಲ್ಲಿ, ಸಮಯ ಸಿಕ್ಕರೆ ಕನ್ನಡದಲ್ಲಿ ಹೇಳುವುದು ನನ್ನ ಕೆಲಸ. ಮಾತು ಬೇಗ ಬೇಗ ಬಂದರೆ ಕನ್ನಡ ಬಿಟ್ಟುಹೋಗುತ್ತಿತ್ತು. ಹಿಂದಿನಿಂದ ಯಾರೋ ಕನ್ನಡದವರು ಗೊಣಗುತ್ತಿದ್ದರು. ಅವರೂ ಮರಾಠಿಯಲ್ಲೇ ಗೊಣಗುತ್ತಿದ್ದರು.

ಆ ವರ್ಷ ಪುಣೆಯಿಂದ ಸಿನಿಮಾಗಳ ಒಂದು ಕಟ್ಟು ಬಂತು. ಹೊರದೇಶದ ಅಂತರರಾಷ್ಟ್ರೀಯ ಚಿತ್ರೋತ್ಸವವೊಂದರಲ್ಲಿ ಬಹುಮಾನ ಪಡೆದ ಮೂರು ಸಿನಿಮಾಗಳು. ಒಂದರಲ್ಲಿ ಗಂಡಸನ್ನು ಪ್ರೀತಿಸುವ ಗಂಡಸು, ಇನ್ನೊಂದರಲ್ಲಿ ಹೆಂಗಸನ್ನು ಪ್ರೀತಿಸುವ ಹೆಂಗಸು, ಮೂರನೆಯದರಲ್ಲಿ ಗಂಡಾಗಿ ಹುಟ್ಟಿ ಹೆಂಗಸಾಗಿ ಬದುಕುವವಳೊಬ್ಬಳು. ಮೂರನೆಯದರ ಕಥೆ ಓದಿದ ದಿನವೇ ನನಗೆ ಮಾವಶಿ ನೆನಪಾದಳು. ಆಕೆಗೆ ಇದನ್ನು ತೋರಿಸಲೇಬೇಕು ಅನ್ನಿಸಿತು. ಆಕೆಯನ್ನು ಕರೆದದ್ದು ನಾನೇ, ಅದಕ್ಕೆ ಇವತ್ತಿಗೂ ನನಗೆ ಪಶ್ಚಾತ್ತಾಪವಿಲ್ಲ. ಹೊಡೆದವರು ಬೇರೆ.

ಮಾವಶಿ ಎಂದರೆ ನಮ್ಮ ಓಣಿಗೆ ಮಂಗಳವಾರ, ಶುಕ್ರವಾರ ಬರುತ್ತಿದ್ದ ಜೋಗಪ್ಪ. ಗಂಡಾಗಿ ಹುಟ್ಟಿ, ಯಲ್ಲಮ್ಮನ ಹೆಸರಿನಲ್ಲಿ ಕೊರಳಿಗೆ ಕೆಂಪು ಬಿಳಿ ಮಣಿಗಳ ಮುತ್ತು ಕಟ್ಟಿಸಿಕೊಂಡು, ಸೀರೆ ಉಟ್ಟು ಬದುಕುವವರಿಗೆ ನಮ್ಮ ಕಡೆ ಹಾಗೆನ್ನುತ್ತಾರೆ. ಆಕೆಯ ತಲೆಯ ಮೇಲೆ ದೇವಿಯ ಮುಖವಿಟ್ಟ ಬುಟ್ಟಿ, ಅದಕ್ಕೆ ಜಗ ಎಂದು ಹೆಸರು. ಹಣೆ ತುಂಬ ಅರಿಶಿನದ ಭಂಡಾರ, ಸೊಂಟದವರೆಗೆ ಇಳಿದ ಜಡೆಗಟ್ಟಿದ ಕೂದಲು. ಓಣಿಯವರೆಲ್ಲ ಆಕೆಯನ್ನು ಮರಾಠಿಯಲ್ಲಿ ತಾಯಿಯ ತಂಗಿಯನ್ನು ಕರೆಯುವ ಹಾಗೆ ಮಾವಶಿ ಎಂದೇ ಕರೆಯುತ್ತಿದ್ದರು. ಅವರಿಗೆ ಅದು ಬಾಯಿಮಾತು, ನನಗೆ ನಿಜ. ಆಕೆ ನನ್ನ ಅವ್ವನ ಬೆನ್ನಿಗೆ ಬಿದ್ದವಳು. ಅಕ್ಕಲಕೋಟದ ಅಜ್ಜನ ಮನೆಯಲ್ಲಿ ಗಂಡುಮಗುವೆಂದು ಊರಿಗೆಲ್ಲ ಪೇಢೆ ಹಂಚಿಸಿಕೊಂಡು ಹುಟ್ಟಿದವಳು.

ಇದು ನಮ್ಮ ಮನೆಯ ನಾಲ್ಕು ಗೋಡೆಯ ಹೊರಗೆ ಯಾರಿಗೂ ಗೊತ್ತಿರಲಿಲ್ಲ. ಅವ್ವ ಮೊರದಲ್ಲಿ ಜೋಳ ತಂದು ಆಕೆಯ ಬುಟ್ಟಿಗೆ ಸುರಿದು, ಬೀದಿಯ ಎದುರಿಗೆ ಆಕೆಯ ಕಾಲಿಗೆ ಬೀಳುತ್ತಿದ್ದಳು. ಅಕ್ಕ ಬೆನ್ನಿಗೆ ಬಿದ್ದವಳ ಕಾಲಿಗೆ ಬೀಳುವುದು! ಎದ್ದು ನಿಂತು ಚೆನ್ನಾಗಿದ್ದೀಯಾ ಎಂದು ತಗ್ಗಿದ ದನಿಯಲ್ಲಿ ಕೇಳುತ್ತಿದ್ದಳು, ಮಾವಶಿ ಅದೇ ದನಿಯಲ್ಲಿ ಹೂಂ ಎನ್ನುತ್ತಿದ್ದಳು. ಅಷ್ಟರಲ್ಲಿ ಅಕ್ಕ ತಂಗಿಯರ ವಾರದ ಮಾತುಕತೆ ಮುಗಿಯುತ್ತಿತ್ತು. ಕೋರ್ಟಿನಲ್ಲಿ ನೌಕರಿ ಮಾಡುತ್ತಿದ್ದ ನನ್ನ ಅಪ್ಪನಿಗೆ ಸರಿಯಾಗಿ ಅದೇ ಹೊತ್ತಿಗೆ ಸ್ನಾನದ ನೆನಪಾಗುತ್ತಿತ್ತು. ಆಕೆ ಓಣಿ ದಾಟುವವರೆಗೆ ಬಚ್ಚಲಲ್ಲಿ ನೀರಿನ ಸಪ್ಪಳ ನಿಲ್ಲುತ್ತಿರಲಿಲ್ಲ.

ಅಕ್ಕಲಕೋಟದಲ್ಲಿ ಏನು ನಡೆದಿತ್ತೆಂಬುದನ್ನು ಅವ್ವ ನನಗೆ ಒಮ್ಮೆ ಮಾತ್ರ ಹೇಳಿದ್ದಾಳೆ. ಅಜ್ಜ ವಕೀಲರೊಬ್ಬರ ಗುಮಾಸ್ತ, ಊರಲ್ಲಿ ಮರ್ಯಾದೆಯ ಮನುಷ್ಯ. ಮಗ ಅಕ್ಕನ ಲಂಗ ಉಟ್ಟು ಕನ್ನಡಿಯ ಮುಂದೆ ನಿಂತದ್ದನ್ನು ನೋಡಿದ ದಿನ ಕಂಬಕ್ಕೆ ಕಟ್ಟಿ ಹಾಕಿ ಹಸಿ ಹಗ್ಗದಿಂದ ಬಾರಿಸಿದ. ಹುಡುಗ ಒಪ್ಪಲಿಲ್ಲ. ಮತ್ತೆ ಉಟ್ಟ, ಮತ್ತೆ ತಿಂದ. ಕಡೆಗೊಂದು ದಿನ ಅಜ್ಜ ಒಲೆಯಲ್ಲಿ ಇಕ್ಕಳ ಕಾಯಿಸಿ ತಾ ಎಂದು ಅವ್ವನಿಗೇ ಹೇಳಿದ. ಅವ್ವ ಆಗ ಮದುವೆ ಗೊತ್ತಾಗಿದ್ದ ಹುಡುಗಿ. ಕಾಯಿಸಿ ತಂದುಕೊಟ್ಟಳು. ಅಜ್ಜ ಮಗನ ಎರಡೂ ಪಾದಗಳಿಗೆ ಬರೆ ಇಟ್ಟ, ಇನ್ನು ಕುಣಿಯಬಾರದೆಂದು. ಸುಟ್ಟ ಚರ್ಮದ ವಾಸನೆಗೆ ಅಜ್ಜಿ ವಾಂತಿ ಮಾಡಿಕೊಂಡಳಂತೆ.

ಆ ಹುಣ್ಣು ಮಾಯುವಾಗಲೇ ಹುಡುಗನ ಕೂದಲು ಜಡೆಗಟ್ಟತೊಡಗಿತು. ನಮ್ಮ ಕಡೆ ಅದಕ್ಕೆ ಒಂದೇ ಅರ್ಥ, ದೇವಿ ಕರೆದಿದ್ದಾಳೆ. ಅಜ್ಜಿ ಅತ್ತು ಕರೆದು ಮಗನನ್ನು ಯಲ್ಲಮ್ಮನ ಗುಡ್ಡಕ್ಕೆ ಕರೆದೊಯ್ದು ಮುತ್ತು ಕಟ್ಟಿಸಿದಳು. ಅಂದಿನಿಂದ ಅಜ್ಜನ ಕೈ ಮೇಲೇಳಲಿಲ್ಲ. ದೇವಿಯ ಸೊತ್ತಿನ ಮೇಲೆ ಕೈ ಮಾಡಲು ಅವನಿಗೆ ಧೈರ್ಯ ಸಾಲಲಿಲ್ಲ. ಹೊಡೆಯುವ ಬದಲು ಎಳ್ಳುನೀರು ಬಿಟ್ಟು, ತನಗೆ ಮಗನಿಲ್ಲ ಎಂದು ಮನೆಯೊಳಗೆ ಸಾರಿದ. ಕೊರಳಲ್ಲಿ ಆ ಮುತ್ತು, ತಲೆಯ ಮೇಲೆ ಆ ಜಗ ಇರುವವರೆಗೆ ಮಾವಶಿಯನ್ನು ಹೊಡೆಯುವವರಿಲ್ಲ. ಅವು ಹೋದರೆ ಹೊಡೆಯದವರಿಲ್ಲ. ಆಕೆಯ ಬದುಕು ನಿಂತದ್ದು ಅಷ್ಟರ ಮೇಲೆ, ಅದು ಆಕೆಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

ಪೇಟೆಯಲ್ಲಿ ಆಕೆಗೆ ಮಾನವೂ ಇತ್ತು. ಸೊಸೈಟಿಯ ಖಜಾಂಚಿಯಾಗಿದ್ದ ಚಾದರ ವ್ಯಾಪಾರಿ ಅದೇ ವರ್ಷ ಹೊಸ ಅಂಗಡಿ ತೆರೆದಾಗ, ಹೊಸ್ತಿಲ ಒಳಗೆ ಮೊದಲ ಹೆಜ್ಜೆ ಇಡಿಸಿದ್ದು ಮಾವಶಿಯಿಂದ. ಆಕೆ ಹಣದ ಗಲ್ಲೆಯ ಮೇಲೆ ಭಂಡಾರ ಎರಚಿದಳು. ಅವನು, ಅವನ ಹೆಂಡತಿ, ಮಂದ್ರೂಪ ಕಡೆಯಿಂದ ಬಂದ ಅವನ ಮುದಿತಾಯಿ ಸಾಲಾಗಿ ಆಕೆಯ ಕಾಲಿಗೆ ಬಿದ್ದರು. ಇದನ್ನು ನಾನು ಕಣ್ಣಾರೆ ನೋಡಿದ್ದೇನೆ, ಅಂದು ಅಲ್ಲಿ ಪೇಢೆಯನ್ನೂ ತಿಂದಿದ್ದೇನೆ.

ಕಟ್ಟಿನ ಮೊದಲ ಸಿನಿಮಾ ಮೊದಲ ರವಿವಾರ ತೋರಿಸಿದೆವು. ಇಬ್ಬರು ಗಂಡಸರು ಒಬ್ಬರ ಕೈ ಒಬ್ಬರು ಹಿಡಿದ ಕೂಡಲೇ ಅರ್ಧ ಟಾಕೀಸು ಎದ್ದು ಹೋಯಿತು. ಹೋದವರು ಸುಮ್ಮನೆ ಹೋಗಲಿಲ್ಲ. ಸಿನಿಮಾ ಮುಗಿಯುವವರೆಗೂ ಕುಳಿತಿದ್ದ ಇಬ್ಬರು ಕಾಲೇಜು ಹುಡುಗರನ್ನು ಸೈಕಲ್ ಸ್ಟ್ಯಾಂಡಿನಲ್ಲಿ ಹಿಡಿದು ಬಾರಿಸಿದರು. ಒಬ್ಬನ ಮುಂದಿನ ಹಲ್ಲು ಮುರಿಯಿತು. ಅವರು ಜೊತೆಯಾಗಿ ಬಂದಿದ್ದರು ಎಂಬುದೇ ತಪ್ಪು. ಆ ಹುಡುಗರು ಅಂಥವರೋ ಅಲ್ಲವೋ ನನಗೆ ಗೊತ್ತಿಲ್ಲ, ಹೊಡೆದವರಿಗೂ ಗೊತ್ತಿರಲಿಲ್ಲ. ಮುಂದಿನ ರವಿವಾರ ಇಬ್ಬರು ಹೆಂಗಸರ ಸಿನಿಮಾ. ಅಂದು ನಿಲ್ಲಲು ಜಾಗವಿರಲಿಲ್ಲ. ಒಬ್ಬನೂ ಕೆಮ್ಮದೆ ನೋಡಿದರು, ಕರವಸ್ತ್ರದಲ್ಲಿ ಮುಖ ಒರೆಸಿಕೊಳ್ಳುತ್ತ ಹೊರಬಂದು, ಬಹಳ ಕಲಾತ್ಮಕವಾಗಿದೆ ಎಂದರು.

ಇಷ್ಟಾದ ಮೇಲೆ ಮನೆಯ ಹೆಂಗಸರು ಸುಮ್ಮನಿದ್ದಾರೆಯೇ? ರವಿವಾರ ಬೆಳಿಗ್ಗೆ ನೀವು ನೋಡುವುದಾದರೂ ಏನು ಎಂದು ಮನೆ ಮನೆಯಲ್ಲೂ ಜಗಳ ಹತ್ತಿತು. ಅವರ ಬಾಯಿ ಮುಚ್ಚಿಸಲು ಕಮಿಟಿಯವರು ಮೂರನೆಯ ರವಿವಾರ ಕುಟುಂಬ ಸಮೇತ ಬರಬೇಕೆಂದು ಕರೆ ಕೊಟ್ಟರು. ಕಥೆ ಏನೆಂದು ಯಾರೂ ಪೂರ್ತಿ ಓದಿರಲಿಲ್ಲ. ಖಜಾಂಚಿ ಎರಡು ಸಾಲು ನೋಡಿ, ಒಬ್ಬ ಬಡ ಹೆಣ್ಣುಮಗಳ ಹೋರಾಟದ ಕಥೆ, ಪ್ರಶಸ್ತಿ ಬಂದಿದೆ, ಎಂದು ಎಲ್ಲರಿಗೂ ಹೇಳಿಬಿಟ್ಟ. ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ, ನಾನು ತಿದ್ದಲಿಲ್ಲ. ಪರಿಣಾಮ, ಅಂದು ಟಾಕೀಸಿನಲ್ಲಿ ಇಳಕಲ್ ಸೀರೆಗಳು, ಮಲ್ಲಿಗೆ ದಂಡೆಗಳು, ಚಿವಡಾದ ಡಬ್ಬಿಗಳು.

ಶುಕ್ರವಾರ ಮಾವಶಿಗೆ ವಿಷಯ ಹೇಳಿದಾಗ ಆಕೆ ನಂಬಲಿಲ್ಲ. ತನ್ನಂಥವಳ ಮೇಲೆ ಸಿನಿಮಾ ಮಾಡುತ್ತಾರೆಯೇ, ಅದಕ್ಕೆ ದೊಡ್ಡ ದೊಡ್ಡವರು ಬಹುಮಾನ ಕೊಡುತ್ತಾರೆಯೇ ಎಂದು ಮತ್ತೆ ಮತ್ತೆ ಕೇಳಿದಳು. ಆಮೇಲೆ ಕೇಳಿದ್ದು, ತಾನು ಎಲ್ಲಿ ಕೂಡಬೇಕು ಎಂದು. ಖುರ್ಚಿಯ ಮೇಲೆ, ಎಲ್ಲರ ಹಾಗೆ, ಎಂದೆ. ರವಿವಾರ ಬೆಳಿಗ್ಗೆ ಹಸಿರು ಸೀರೆ ಉಟ್ಟು, ಕೈತುಂಬ ಬಳೆ ಇಟ್ಟು ಹಿತ್ತಲ ಬಾಗಿಲಿನಿಂದ ಬಂದಳು. ತಲೆಯ ಮೇಲೆ ಜಗ ಹೊತ್ತು ಸಿನಿಮಾ ನೋಡಲಾಗದೆಂದು ಅದನ್ನು ನಮ್ಮ ದೇವರ ಮಾಡದ ಮುಂದೆ ಇಳಿಸಿದಳು. ಅವ್ವ ಮೊದಲ ಸಲ ಆಕೆಗೆ ಅಡಿಗೆಮನೆಯಲ್ಲಿ ಕೂಡಿಸಿ ಚಹಾ ಕೊಟ್ಟಳು. ಅಪ್ಪ ಸ್ನಾನಕ್ಕೆ ಹೋದ.

ಟಾಕೀಸಿನಲ್ಲಿ ಆಕೆ ಹೆಂಗಸರ ಸಾಲಿನ ತುದಿಯಲ್ಲಿ ಕುಳಿತಳು. ಪಕ್ಕದಲ್ಲಿ ಚಾದರದವನ ಮುದಿತಾಯಿ. ಮುದುಕಿ ಕೈ ಮುಗಿದು ಸರಿದು ಜಾಗ ಬಿಟ್ಟಳು, ತನ್ನ ಡಬ್ಬಿಯ ಚಿವಡಾ ಕೊಟ್ಟಳು. ಇಬ್ಬರೂ ಗುಸುಗುಸು ಮಾತಾಡುತ್ತಿದ್ದುದು ಮೈಕಿನ ಬಳಿ ಕುಳಿತ ನನಗೆ ಕಾಣುತ್ತಿತ್ತು. ನನಗೆ ಆಗ ಆದ ಸಂತೋಷವನ್ನು ಹೇಗೆ ಹೇಳಲಿ? ನನ್ನ ಮಾವಶಿ ಖುರ್ಚಿಯ ಮೇಲೆ ಕುಳಿತು ಸಿನಿಮಾ ನೋಡುತ್ತಿದ್ದಾಳೆ ಎಂದು ಎದೆ ಉಬ್ಬಿ ಬಂದಿತ್ತು.

ಸಿನಿಮಾದಲ್ಲಿ ಒಂದು ಬಂದರಿನ ಊರು. ಅಲ್ಲಿ ಮೀನು ಮಾರುವ ಒಬ್ಬಳು. ಆಕೆಯ ದನಿ ಒಡಕು, ಕೈಗಳು ದೊಡ್ಡವು. ನಡುವೆ ಒಂದು ಕಡೆ ಪುಂಡರು ಆಕೆಯನ್ನು ಮೀನಿನ ಬುಟ್ಟಿಗಳ ನಡುವೆ ಕೆಡವಿ ತುಳಿಯುತ್ತಾರೆ. ಪಕ್ಕದ ಮನೆಯ ಅಜ್ಜಿ ಆಕೆಯನ್ನು ಎಬ್ಬಿಸಿ ಮನೆಗೆ ತಂದು, ರಕ್ತದ ಬಟ್ಟೆ ಬಿಚ್ಚಿ, ಹಂಡೆಯ ಪಕ್ಕ ಕೂಡಿಸಿ ಸ್ನಾನ ಮಾಡಿಸುತ್ತಾಳೆ. ಆ ದೃಶ್ಯದಲ್ಲಿ ಮಾತಿಲ್ಲ. ನಾನು ಮೈಕು ಕೆಳಗಿಟ್ಟೆ. ಬತ್ತಲೆ ಮೈ ಪೂರ್ತಿ ಕಾಣುತ್ತಿತ್ತು, ಬಯಲಾದ ಎದೆ, ಗಾಯಗಳು, ತೊಡೆಯ ನಡುವಿನದು ಎಲ್ಲ. ಅಜ್ಜಿ ತಂಬಿಗೆಯಿಂದ ನೀರು ಸುರಿಯುತ್ತಲೇ ಇದ್ದಳು.

ಆ ಹೊತ್ತಿನಲ್ಲಿ ಮಾವಶಿ ಎದ್ದು ನಿಂತಳು. ಎರಡೂ ಕೈ ಮೇಲೆತ್ತಿ, ದೇವಿಗೆ ನೀರೆರೆಯುವಾಗ ಕೂಗುವ ಹಾಗೆ, ಗಂಟಲು ಬಿರಿಯುವ ಹಾಗೆ ಕೂಗಿದಳು.

“ಉಧೋ! ಉಧೋ!”

ಆ ಕೂಗು ಕೇಳಿದರೆ ನಮ್ಮ ಕಡೆಯ ಹೆಂಗಸರು ವಿಚಾರ ಮಾಡುವುದಿಲ್ಲ. ಮಾಡಿಯೂ ಗೊತ್ತಿಲ್ಲ. ಮುದುಕಿ ಕೂಡಲೇ ಕೈ ಜೋಡಿಸಿ “ಉಧೋ” ಎಂದಳು. ಅವಳ ಹಿಂದಿನ ಸಾಲು ಎಂದಿತು, ಅದರ ಹಿಂದಿನದು ಎಂದಿತು. ಚಾದರದವನ ಹೆಂಡತಿ ಎಂದಳು, ಡಾಕ್ಟರರ ಹೆಂಡತಿ ಸೆರಗು ತಲೆಯ ಮೇಲೆಳೆದುಕೊಂಡು ಎಂದಳು. ತೆರೆಯ ಮೇಲಿನ ಆ ಬತ್ತಲೆ ಮೈಗೆ ಸೋಲಾಪುರದ ಮನೆವಂತ ಹೆಂಗಸರೆಲ್ಲ ಕೈ ಮುಗಿದು ಉಧೋ ಎಂದರು. ನನ್ನ ಜೀವಮಾನದಲ್ಲಿ ಅಂಥದ್ದನ್ನು ಇನ್ನೊಮ್ಮೆ ನೋಡಿಲ್ಲ. ಅದು ಇದ್ದದ್ದು ಒಂದು ಉಸಿರಿನಷ್ಟು ಹೊತ್ತು.

ಆಮೇಲೆ ಗಂಡಸರ ಸಾಲಿನಿಂದ ಒಬ್ಬ ನಕ್ಕ. ಆ ನಗೆಯೇ ಕಿಡಿಯಾಯಿತು. ತನ್ನ ತಾಯಿ, ತನ್ನ ಹೆಂಡತಿ ಎಂಥದಕ್ಕೆ ಕೈ ಮುಗಿದರು ಎಂಬುದು ಚಾದರದವನ ತಲೆಗೆ ಹೋಯಿತು. ಖುರ್ಚಿ ಹಾರಿ ಬಂದು ಮಾವಶಿಯ ಜಡೆಗೆ ಕೈ ಹಾಕಿ ನೆಲಕ್ಕೆ ಎಳೆದ. ಹೊಟ್ಟೆಗೆ ಒದ್ದ. ತಾನು ತಲೆ ಇಟ್ಟಿದ್ದ ಅದೇ ಕಾಲುಗಳನ್ನು ಬೂಟಿನಿಂದ ತುಳಿದ. ಅವನು ಶುರು ಮಾಡಿದ್ದೇ ತಡ, ಉಳಿದವರಿಗೂ ಕೈ ಬಂತು. ಖುರ್ಚಿಯ ಕಟ್ಟಿಗೆಯ ಹಿಡಿಕೆಗಳನ್ನು ಕಿತ್ತರು. ಸೋಡಾ ಬಾಟಲಿಗಳು ಹಾರಿದವು, ತೆರೆ ಹರಿಯಿತು. ಹರಿದ ತೆರೆಯ ಮೇಲೆ ಆ ಅಜ್ಜಿ ಇನ್ನೂ ನೀರು ಸುರಿಯುತ್ತಿದ್ದಳು. ಹೆಂಗಸರು ಮಕ್ಕಳನ್ನು ಎತ್ತಿಕೊಂಡು ಬಾಗಿಲಿಗೆ ನುಗ್ಗಿದರು. ಮುದುಕಿ ಮಗನ ಅಂಗಿ ಹಿಡಿದು, ಶಾಪ ಹತ್ತೀತೋ ಎಂದು ಒದರುತ್ತಿದ್ದಳು. ಅವನು ತಾಯಿಯನ್ನೂ ನೂಕಿದ.

ನಾನು ಮೈಕಿನ ಕಬ್ಬಿಣದ ಕೋಲು ಎತ್ತಿ ಓಡಿ ಹೋಗಿ ಅವನ ಬೆನ್ನಿಗೆ ಹೊಡೆದೆ. ಎರಡನೆಯದು ಹೊಡೆಯುವಷ್ಟರಲ್ಲಿ ಯಾರೋ ನನ್ನ ಹೆರಳು ಹಿಡಿದು ಗೋಡೆಗೆ ಅಪ್ಪಳಿಸಿದರು. ಹುಬ್ಬಿನ ಮೇಲಿನ ಗಾಯದ ಗುರುತು ಇನ್ನೂ ಇದೆ. ಆ ಒಂದು ಏಟು ಅವನ ಬೆನ್ನಿಗೆ ಬಿದ್ದಾಗ ಕೈಗೆ ಆದ ಸುಖವೂ ಇನ್ನೂ ಇದೆ. ಪೊಲೀಸರು ಬಂದರು. ಗಲಾಟೆ ಎಬ್ಬಿಸಿದ್ದು ಯಾರು ಎಂದು ಕೇಳಿದಾಗ ಎಲ್ಲರ ಬೆರಳೂ ನೆಲದ ಮೇಲೆ ಬಿದ್ದವಳ ಕಡೆ ತಿರುಗಿತು. ರಕ್ತ ಸುರಿಯುತ್ತಿದ್ದವಳನ್ನೇ ಜೀಪಿಗೆ ಹಾಕಿದರು. ಹೊಡೆದವರು ಹಿಂದಿನಿಂದ ಸ್ಕೂಟರ್ ಮೇಲೆ ಬಂದರು.

ನಾನು ಆಟೋ ಹಿಡಿದು ಠಾಣೆಗೆ ಹೋದೆ. ಅಲ್ಲಿ ನಾನು ಹೆದರಿದ್ದ ಹಾಗೆ ಏನೂ ನಡೆದಿರಲಿಲ್ಲ. ಒಬ್ಬ ಮುದಿ ಹವಾಲದಾರ ಮಾವಶಿಯನ್ನು ಮರದ ಬಾಕಿನ ಮೇಲೆ ಕೂಡಿಸಿ ನೀರು ಕೊಟ್ಟಿದ್ದ. ಆಕೆಯ ಕೊರಳ ಮುತ್ತು ನೋಡಿ ಯವ್ವಾ ಎನ್ನುತ್ತಿದ್ದ. ಫೌಜದಾರ ಹರೆಯದವನು, ಸಿಡುಕ. ಚಾದರದವನು ಕೇಸು ಹಾಕಿ ಎಂದು ಹಟ ಹಿಡಿದರೂ, ದೇವಿಯ ಮನುಷ್ಯಳ ಮೇಲೆ ಕೈ ಮಾಡಿ ತೊಂದರೆ ಮೈಮೇಲೆ ಎಳೆದುಕೊಳ್ಳಲು ಅವನೂ ತಯಾರಿರಲಿಲ್ಲ. ಹವಾಲದಾರ ನನ್ನನ್ನು ಪಕ್ಕಕ್ಕೆ ಕರೆದ. “ಈಕಿ ಜಗ ಎಲ್ಲಿ ಐತಿ, ತರಸ್ರಿ ಬಾಯಾರ. ತಲಿ ಮ್ಯಾಲ ಜಗ ಇಟ್ಟ ಹೊರಗ ಬಿಟ್ಟರ, ಯಾವ ಮಗಾನೂ ಮುಟ್ಟಾಂಗಿಲ್ಲ” ಎಂದ. ಆ ಮಾತು ಕೇಳಿ ನನಗೆ ಜೀವ ಬಂತು. ಎದುರಿನ ಅಂಗಡಿಯಿಂದ ನಮ್ಮ ಪಕ್ಕದ ಮನೆಗೆ ಫೋನು ಮಾಡಿ, ಜಗ ತೆಗೆದುಕೊಂಡು ಬಾ ಎಂದು ಅವ್ವನಿಗೆ ಹೇಳಿದೆ.

ಅವ್ವ ಬಂದಳು. ಕೈಯಲ್ಲಿ ಜಗ ಇರಲಿಲ್ಲ.

ಅವಳು ಯಾಕೆ ಹಾಗೆ ಮಾಡಿದಳೆಂದು ಆಮೇಲೆ ಅವಳೇ ಹೇಳಿದಳು. ಇಷ್ಟು ವರ್ಷ ದೇವಿಯ ಹಿಂದೆ ಅಡಗಿಸಿ ಇಟ್ಟದ್ದು ಸಾಕು, ಇವತ್ತಾದರೂ ನಮ್ಮವನೆಂದು ಹೇಳಿ ಕರೆದುಕೊಂಡು ಬರುತ್ತೇನೆ ಎಂದು ದಾರಿಯುದ್ದಕ್ಕೂ ಗಟ್ಟಿಮಾಡಿಕೊಂಡಿದ್ದಳಂತೆ. ಕಾಯಿಸಿದ ಇಕ್ಕಳ ಅವಳ ಕೈಯಿಂದ ಇಳಿದಿರಲಿಲ್ಲ. ಅದಕ್ಕಿಂತ ದೊಡ್ಡದು, ನಮ್ಮಂಥ ನೌಕರದಾರ ಮನೆಗಳ ಒಂದು ಭ್ರಮೆ. ಕಚೇರಿಯಾಗಲಿ ದವಾಖಾನೆಯಾಗಲಿ, ಯಾರ ಪೈಕಿ ಎಂಬುದು ಗೊತ್ತಾದರೆ ಕೆಲಸ ಆಗುತ್ತದೆ ಎಂದು ನಾವು ನಂಬಿದ್ದೆವು. ಮರ್ಯಾದೆಯ ಮನೆತನದ ಹೆಸರು ಹೇಳಿದರೆ ಖುರ್ಚಿ ಕೊಡುತ್ತಾರೆ, ಚಹಾ ತರಿಸುತ್ತಾರೆ. ಅವ್ವ ತನ್ನ ಬದುಕಿನಲ್ಲಿ ಕಂಡ ಶಕ್ತಿ ಅದೊಂದೇ.

ಸೆರಗು ಸರಿಮಾಡಿಕೊಂಡು ಫೌಜದಾರನ ಟೇಬಲ್ಲಿನ ಮುಂದೆ ನಿಂತಳು.

“ಸಾಹೇಬ್ರ, ಅಂವ ಯಾರೋ ಬೇವಾರ್ಸಿ ಅಲ್ರಿ. ನನ್ನ ಬೆನ್ನಿಗಿ ಬಿದ್ದ ತಮ್ಮ. ಅಕ್ಕಲಕೋಟದಾಗ ನಮ್ಮಪ್ಪಗ ಎಲ್ಲಾರೂ ಗುರತ ಹಿಡೀತಾರ. ನಮ್ಮ ಮನಿ ಗಂಡಮಗ ಅದಾನ್ರಿ.”

ಅಷ್ಟಕ್ಕೇ ನಿಲ್ಲಿಸದೆ ಅಪ್ಪನ ನೌಕರಿ ಹೇಳಿದಳು, ಅಜ್ಜನ ಹೆಸರು ಹೇಳಿದಳು. ಇಷ್ಟು ವರ್ಷ ಯಾರ ಬಾಯಲ್ಲೂ ಬಾರದಿದ್ದ ಮಾವಶಿಯ ಗಂಡು ಹೆಸರನ್ನೂ ಹೇಳಿದಳು. ಬಾಕಿನ ಮೇಲೆ ಮಾವಶಿ ಕಣ್ಣು ಮುಚ್ಚಿಕೊಂಡಳು. ಆಕೆಗೆ ಆಗಲೇ ಗೊತ್ತಾಗಿತ್ತು.

ಫೌಜದಾರ ಖುರ್ಚಿಯಿಂದ ಎದ್ದ. ಹಾಗಾದರೆ ಇವನು ಗಂಡಸು, ಓದಿದವರ ಮನೆಯ ಗಂಡಸು, ಸೀರೆ ಉಟ್ಟು ಹೆಂಗಸರ ನಡುವೆ ಕೂತಿದ್ದಾನೆ, ದೇವಿಯ ಹೆಸರಲ್ಲಿ ಊರಿಗೆ ಟೋಪಿ ಹಾಕಿದ್ದಾನೆ ಎಂದು ಮರಾಠಿಯಲ್ಲಿ ಒಂದೊಂದೇ ಮಾತು ಜೋಡಿಸಿ ಹೇಳಿದ. ಅವ್ವ ಅಲ್ಲರಿ ಅಲ್ಲರಿ ಎನ್ನುತ್ತಲೇ ಇದ್ದಳು. ನೀರು ಕೊಟ್ಟಿದ್ದ ಹವಾಲದಾರನ ಮುಖ ನನ್ನ ಕಣ್ಣೆದುರಿಗೇ ಬದಲಾಯಿತು. ತಾನು ಯವ್ವಾ ಎಂದದ್ದು ಒಬ್ಬ ಗುಮಾಸ್ತನ ಮಗನಿಗೆ ಎಂದು ಅವನಿಗೆ ನಾಚಿಕೆಯಾಯಿತೋ ಸಿಟ್ಟು ಬಂತೋ, ಮುತ್ತಿಗೆ ಕೈ ಹಾಕಿ ಜಗ್ಗಿದವನು ಅವನೇ. ಮಣಿಗಳು ಠಾಣೆಯ ಫರಸಿ ನೆಲದ ಮೇಲೆ ಚೆಲ್ಲಿದವು.

ಒಳಗಿನ ಕೋಣೆಗೆ ಎಳೆದೊಯ್ದರು. ಬಾಗಿಲು ಹಾಕಿದರು. ನಾವಿಬ್ಬರೂ ಹೊರಗೆ ನಿಂತಿದ್ದೆವು. ಬೆಲ್ಟಿನ ಸಪ್ಪಳ ಕೇಳುತ್ತಿತ್ತು, ಪ್ರತಿ ಏಟಿಗೆ ಗಂಡು ದನಿಯಲ್ಲಿ ಕೂಗು ಎಂದು ಯಾರೋ ಹೇಳುವುದು ಕೇಳುತ್ತಿತ್ತು. ಮಾವಶಿ ಕೂಗಲಿಲ್ಲ. ಅವ್ವ ಬಾಗಿಲಿಗೆ ತಲೆ ಚಚ್ಚಿಕೊಳ್ಳುತ್ತ, ನಾನು ಖರೇನ ಹೇಳಿದ್ನೆಲ್ಲೋ, ಖರೇನ ಹೇಳಿದ್ನಿ ಎನ್ನುತ್ತಿದ್ದಳು. ಸ್ವಲ್ಪ ಹೊತ್ತಿಗೆ ಕತ್ತರಿಯ ಸದ್ದು. ಬಾಗಿಲ ಸಂದಿಯಿಂದ ಒಂದು ಕೈಯಷ್ಟು ದಪ್ಪದ ಜಡೆಯನ್ನು ಹೊರಗೆ ಎಸೆದರು. ಚಾದರದವನು ಬಾಕಿನ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದ.

ಸೀರೆಯಲ್ಲಿ ಬಿಡುವುದಿಲ್ಲ ಎಂದರು. ಸಂಜೆ ಅಪ್ಪ ಚೀಲದಲ್ಲಿ ತನ್ನ ಬಿಳಿ ಪಾಯಜಾಮ, ಅಂಗಿ ಹಿಡಿದುಕೊಂಡು ಬಂದ. ಯಾರ ಕಣ್ಣನ್ನೂ ನೋಡದೆ ಕೊಟ್ಟ. ಅದನ್ನು ತೊಟ್ಟು ಹೊರಬಂದವಳು ಗೋಡೆ ಹಿಡಿದು ನಡೆಯುತ್ತಿದ್ದಳು, ಪಕ್ಕೆಲುಬು ಮುರಿದಿತ್ತು. ನಮ್ಮ ಮನೆಯಲ್ಲಿ ಅವ್ವನೊಂದಿಗೆ ಒಂದು ಮಾತೂ ಆಡಲಿಲ್ಲ. ಮರುದಿನ ಅಜ್ಜ ಬಂದ. ಎಳ್ಳುನೀರು ಬಿಟ್ಟಿದ್ದ ಅದೇ ಅಜ್ಜ, ಬೋಳುತಲೆಯ ಮಗನನ್ನು ನೋಡಿ ಕಣ್ಣೀರು ಹಾಕಿದ. ದೇವಿಯೇ ಮಗನನ್ನು ತಿರುಗಿ ಕೊಟ್ಟಳು ಎಂದ. ನನಗೆ ಅವನ ಗಂಟಲು ಹಿಚುಕಬೇಕು ಅನ್ನಿಸಿತು. ಮಾವಶಿಗೆ ಎದ್ದು ಕೂಡುವ ಶಕ್ತಿ ಇರಲಿಲ್ಲ, ಹಾಗೆಯೇ ಬಾಡಿಗೆ ಜೀಪಿನಲ್ಲಿ ಹಾಕಿಕೊಂಡು ಅಕ್ಕಲಕೋಟಕ್ಕೆ ಒಯ್ದ.

ಅಲ್ಲಿಂದ ಬರುವ ಸುದ್ದಿಗಳು ಒಂದಕ್ಕಿಂತ ಒಂದು ಚೆನ್ನಾಗಿದ್ದವು. ಮಗ ಮುಂಬೈಯಲ್ಲಿ ನೌಕರಿಯಲ್ಲಿದ್ದ, ಈಗ ಬಂದಿದ್ದಾನೆ ಎಂದು ಅಜ್ಜ ಊರಿಗೆ ಹೇಳಿದ್ದ. ದಿನಾ ಬೆಳಿಗ್ಗೆ ಹಜಾಮ ಬಂದು ಗಡ್ಡ ಹೆರೆಯುತ್ತಿದ್ದ. ನಾಗಣಸೂರ ಕಡೆಯಿಂದ ಒಬ್ಬ ವಿಧವೆಯ ಸಂಬಂಧವನ್ನೂ ನೋಡಿದ್ದರು. ಹೆಣ್ಣಿನವರು ಬರುವ ದಿನ ಅಕ್ಕ ಮನೆಯಲ್ಲಿರಬೇಕೆಂದು ಹೇಳಿ ಕಳಿಸಿದರು. ಅವ್ವ ಹೊರಟಳು, ನಾನೂ ಜೊತೆಗೆ ಹೋದೆ.

ಕಟ್ಟೆಯ ಮೇಲೆ ಬಿಳಿ ಪಾಯಜಾಮ ತೊಟ್ಟ ಒಬ್ಬ ಮನುಷ್ಯ ಕುಳಿತಿದ್ದ. ಹಾಗೆ ಬರೆಯಲು ಕೈ ಬರುವುದಿಲ್ಲ, ಆದರೆ ಕಂಡದ್ದು ಹಾಗೆ. ಹಣೆ ಬೋಳು, ಕಣ್ಣು ಬೋಳು. ಪಡಸಾಲೆಯಲ್ಲಿ ಹೆಣ್ಣಿನವರು ಆಗಲೇ ಬಂದು ಅವಲಕ್ಕಿ ತಿನ್ನುತ್ತಿದ್ದರು. ಅಜ್ಜ ಬಾಗಿಲಲ್ಲಿ ಕೋಲು ಊರಿ ನಿಂತು ಮಗನ ಗುಣಗಾನ ಮಾಡುತ್ತಿದ್ದ. ನನಗೆ ತಡೆಯಲಾಗಲಿಲ್ಲ. ಎಲ್ಲರಿಗೂ ಕೇಳುವ ಹಾಗೆ ಮಾವಶಿ ಎಂದು ಕರೆದೆ.

ಅಜ್ಜನ ಕೋಲು ನನ್ನ ಹೆಗಲ ಮೇಲೆ ಬಿತ್ತು. ಎಲುಬಿನ ಮೇಲೆ ಕುಳಿತ ಏಟು, ಕಣ್ಣು ಕತ್ತಲೆ ಬಂತು. ಎರಡನೆಯ ಏಟಿಗೆ ಎತ್ತಿದ ಕೋಲು ಕೆಳಗೆ ಬರಲಿಲ್ಲ. ಮಾವಶಿ ಎದ್ದು ಬಂದು ಅದನ್ನು ಹಿಡಿದಿದ್ದಳು. ಅಜ್ಜ ಜಗ್ಗಿದ, ಬೈದ, ಕಾಲಿನಿಂದ ಒದೆಯಲು ನೋಡಿದ. ಆಕೆ ಕೋಲು ಕಸಿದುಕೊಂಡು ಅವನ ಕೈಗೆ ಒಂದೇ ಒಂದು ಹೊಡೆದಳು. ಮಣಿಕಟ್ಟು ಮುರಿದ ಸಪ್ಪಳ ಪಡಸಾಲೆಯವರೆಗೂ ಕೇಳಿಸಿತು. ಮುದುಕ ಕುಸಿದು ಕುಳಿತು ಒದರತೊಡಗಿದ. ನನಗೆ ಅಯ್ಯೋ ಅನ್ನಿಸಲಿಲ್ಲ, ಸುಳ್ಳು ಯಾಕೆ ಹೇಳಲಿ. ಮಾವಶಿ ಕೋಲನ್ನು ಅಂಗಳಕ್ಕೆ ಒಗೆದು, ಹೆಣ್ಣಿನವರ ಕಡೆ ತಿರುಗಿ, ನಿಮ್ಮ ಮಗಳನ್ನು ಇಲ್ಲಿ ಕೊಡಬೇಡಿರಿ ಎಂದು ಕೈ ಮುಗಿದು ಬರಿಗಾಲಲ್ಲಿ ಹೊರಟಳು. ನಾವೂ ಹಿಂದೆ ಓಡಿದೆವು.

ಬಸ್ ಸ್ಟ್ಯಾಂಡಿನಲ್ಲಿ ಕರ್ನಾಟಕದ ಗಡಿಯ ಕಡೆ ಹೋಗುವ ಬಸ್ಸು ನಿಂತಿತ್ತು. ಎಲ್ಲಿಗೆ ಎಂದು ಅವ್ವ ಕೇಳಿದಳು. ಆಚೆಯ ಹಳ್ಳಿಯೊಂದರಲ್ಲಿ ತನ್ನ ಗುರು ಜೋಗಪ್ಪ ಇದ್ದಾಳೆ, ಮತ್ತೆ ಮುತ್ತು ಕಟ್ಟುತ್ತಾಳೋ ಇಲ್ಲವೋ, ಹೋಗಿ ಕಾಲು ಹಿಡಿಯುತ್ತೇನೆ ಎಂದಳು. ಠಾಣೆಯ ನಂತರ ಅವ್ವನ ಜೊತೆ ಆಕೆ ಆಡಿದ ಮೊದಲ ಮಾತು ಅದು. ಬಸ್ಸು ಹತ್ತಿ, ಪಾಯಜಾಮ ಅಂಗಿಯಲ್ಲೇ, ಹೆಂಗಸರಿಗೆಂದು ಬರೆದಿದ್ದ ಸೀಟಿನ ಮೇಲೆ ಕುಳಿತಳು. ಅವ್ವ ಪಕ್ಕದಲ್ಲಿ ಕುಳಿತಳು, ನಾನು ಹಿಂದೆ.

ಕಂಡಕ್ಟರ್ ಬಂದ. ಏಳು ಎಂದ. ಆಕೆ ಏಳಲಿಲ್ಲ. ಕೊರಳಪಟ್ಟಿ ಹಿಡಿದು ಎಳೆದ, ಅಪ್ಪನ ಅಂಗಿ ಪರ್ ಎಂದು ಹರಿಯಿತು. ಆಕೆ ಮುಂದಿನ ಸೀಟಿನ ಸರಳು ಹಿಡಿದಳು. ಇನ್ನಿಬ್ಬರು ಗಂಡಸರು ಎದ್ದು ಬಂದು ಬೆರಳು ಬಿಡಿಸಲು ನೋಡಿದರು, ಒಬ್ಬ ಮುಷ್ಟಿಯಿಂದ ಬೆರಳುಗಳ ಮೇಲೆ ಗುದ್ದಿದ. ಉಗುರಿನಿಂದ ರಕ್ತ ಬಂತು, ಕೈ ಸಡಿಲವಾಗಲಿಲ್ಲ. ಅವ್ವ ಎದ್ದು ನಿಂತಳು. ಏನೋ ಹೇಳಲು ಬಾಯಿ ತೆರೆದಳು. ಅವಳ ಬಾಯಲ್ಲಿ ಯಾವ ಮಾತು ಇತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ.

ಮಾವಶಿ ಸರಳಿನಿಂದ ಒಂದು ಕೈ ತೆಗೆದು ಅವ್ವನ ಬಾಯಿ ಮುಚ್ಚಿದಳು. ರಕ್ತ ಅವ್ವನ ತುಟಿಗೆ ಹತ್ತಿತು.

“ನೀ ಏನೂ ಹೇಳಬ್ಯಾಡ ಅಕ್ಕಾ. ನನ್ನ ನಾ ಹೇಳಕೋತೀನಿ.”

ಆಮೇಲೆ ಕಂಡಕ್ಟರನ ಮುಖ ನೋಡಿ, ನಾನು ಹೆಂಗಸು, ತಿಕೀಟು ಕೊಡು ಎಂದು ಮೊದಲು ಮರಾಠಿಯಲ್ಲಿ ಹೇಳಿದಳು. ಅವನು ತಿಕೀಟು ಕೊಡದ್ದು ನೋಡಿ, ಕನ್ನಡದಲ್ಲಿ ಇನ್ನೊಮ್ಮೆ ಹೇಳಿದಳು.